ಗುಂಡೇಟಿನ ನೆನಪು: ಹಾವೇರಿ ಸೀಮೆಯ ಕಲ್ಲು, ಪದ, ಪ್ರತಿಮೆ

ಆಯುಧಕ್ಕೆ ಬಲಿಯಾದವರ ಕತೆಯನ್ನು ಹಾವೇರಿ ಸೀಮೆ ಮೊದಲು ಹೇಳಿದ್ದು ಕಲ್ಲಿನಲ್ಲಿ. ಹಾನಗಲ್ಲಿನ ತಾರಕೇಶ್ವರ ಗುಡಿಯ ಆವರಣದಿಂದ ಹಿಡಿದು ಸಣ್ಣ ಹಳ್ಳಿಗಳ ಹನುಮಪ್ಪನ ಗುಡಿಯ ಕಟ್ಟೆಯವರೆಗೆ ಇಲ್ಲಿ ವೀರಗಲ್ಲುಗಳು ನಿಂತಿವೆ. ಅವುಗಳ ರಚನೆ ಹೆಚ್ಚು ಕಡಿಮೆ ಒಂದೇ: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ, ತುದಿಗೆ ಸೂರ್ಯ ಚಂದ್ರರು. ದನಗಳನ್ನು ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತವರು, ಊರಿಗೆ ಬಿದ್ದ ದಾಳಿಯಲ್ಲಿ ಮಡಿದವರು, ಹೆಣ್ಣಿನ ಮಾನ ಕಾಯಲು ಹೋಗಿ ಜೀವ ಬಿಟ್ಟವರು ಹೀಗೆ ಉಳಿದಿದ್ದಾರೆ. ಸತ್ತವನ ಮನೆಯವರಿಗೆ ಭೂಮಿ ಬಿಟ್ಟುಕೊಟ್ಟ ಸಂಗತಿಯೂ ಕೆಲವು ಕಲ್ಲುಗಳ ಬರಹದಲ್ಲಿದೆ. ಆದರೆ ಕಲ್ಲು ಸಾವಿಗೆ ಸ್ವರ್ಗವನ್ನು ಕೊಟ್ಟು ಮಾತು ಮುಗಿಸುತ್ತದೆ. ಜಗಳ ಯಾಕೆ ಹುಟ್ಟಿತು, ತಪ್ಪು ಯಾರದು ಎಂದು ಅದು ಕೇಳುವುದು ಕಡಿಮೆ.

ಆ ಪ್ರಶ್ನೆಯನ್ನು ಎತ್ತಿಕೊಂಡದ್ದು ಲಾವಣಿ. ಉತ್ತರ ಕರ್ನಾಟಕದಲ್ಲಿ ಇದಕ್ಕೆ ಹಲಗಲಿ ಬೇಡರ ಲಾವಣಿಗಿಂತ ದೊಡ್ಡ ಸಾಕ್ಷಿ ಇಲ್ಲ. 1857ರಲ್ಲಿ ಬ್ರಿಟಿಷ್ ಸರಕಾರ ಜನರ ಕೈಯಲ್ಲಿದ್ದ ಆಯುಧಗಳನ್ನು ಒಪ್ಪಿಸಬೇಕೆಂದು ಕಾನೂನು ಮಾಡಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧವೆಂದರೆ ಬೇಟೆ, ಜೀವನ, ಮರ್ಯಾದೆ ಎಲ್ಲವೂ ಆಗಿತ್ತು. ಅವರು ಒಪ್ಪಲಿಲ್ಲ. ಆ ವರ್ಷದ ನವೆಂಬರಿನಲ್ಲಿ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಬಹಳ ಜನ ಸತ್ತರು, ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ಸರಕಾರಿ ಕಾಗದಗಳಲ್ಲಿ ಇದು ಒಂದು ದಂಗೆಯ ವರದಿ. ಲಾವಣಿಯಲ್ಲಿ ಹನುಮ, ಬಾಲ, ಜಡಗ, ರಾಮ ಎಂಬ ಹೆಸರಿನ ಮನುಷ್ಯರಿದ್ದಾರೆ, ಸರಕಾರದ ಆಜ್ಞೆ ಇದೆ, ಅದರ ಬಗ್ಗೆ ಅವರ ತರ್ಕವಿದೆ, ಸುಟ್ಟುಹೋದ ಮನೆಗಳ ಲೆಕ್ಕವೂ ಇದೆ. ಜೆ. ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿಯೇ ಇಂಥ ಲಾವಣಿಗಳನ್ನು ಸಂಗ್ರಹಿಸಿ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಹಲಗಲಿಯ ಪದ ಇಂದು ಕನ್ನಡ ಶಾಲೆಯ ಮಕ್ಕಳಿಗೂ ಗೊತ್ತು.

ಹಾಡುವ ರೀತಿಯೇ ಇಲ್ಲಿ ಮಾತುಕತೆಗೆ ದಾರಿ ಮಾಡುತ್ತದೆ. ಗೀಗೀ ಮೇಳದವರು ದಪ್ಪು, ತುಂತುಣಿ, ತಾಳ ಹಿಡಿದು ಹರದೇಶಿ, ನಾಗೇಶಿ ಎಂದು ಎರಡು ಪಂಗಡವಾಗಿ ನಿಲ್ಲುತ್ತಾರೆ. ಒಂದು ಪಂಗಡ ಗಂಡು ಹೆಚ್ಚೆಂದರೆ ಇನ್ನೊಂದು ಹೆಣ್ಣು ಹೆಚ್ಚೆನ್ನುತ್ತದೆ. ಒಬ್ಬರ ಸವಾಲಿಗೆ ಇನ್ನೊಬ್ಬರ ಜವಾಬು, ಬೆಳಗಿನವರೆಗೆ. ಕೇಳಲು ಕೂತವರು ಮರುದಿನ ಹೊಲದಲ್ಲಿ, ಕಟ್ಟೆಯ ಮೇಲೆ ಅದೇ ವಾದವನ್ನು ಮುಂದುವರಿಸುತ್ತಾರೆ. ಸ್ವಾತಂತ್ರ್ಯ ಚಳವಳಿ ಹಳ್ಳಿಗೆ ತಲುಪಿದ್ದು ಭಾಷಣದಿಂದ ಎಷ್ಟೋ, ಪದಗಳಿಂದ ಅದಕ್ಕಿಂತ ಹೆಚ್ಚು. ಮುರಗೋಡದ ಹುಕ್ಕೇರಿ ಬಾಳಪ್ಪನವರಂಥ ಹಾಡುಗಾರರು ಸಭೆಗೆ ಜನ ಸೇರಿಸಿದ್ದು ಹಾಗೆಯೇ.

ಈ ಸೀಮೆಯ ಅತ್ಯಂತ ನೋವಿನ ಗುಂಡೇಟಿನ ಕತೆ ಮೋಟೆಬೆನ್ನೂರಿನದು. ಬ್ಯಾಡಗಿ ತಾಲ್ಲೂಕಿನ, ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿನ ಈ ಊರಿನಲ್ಲಿ 1911ರ ಜೂನ್ 8ರಂದು ಮಾರ್ತಾಂಡಪ್ಪ, ಬಸಮ್ಮ ದಂಪತಿಗೆ ಹುಟ್ಟಿದವರು ಮೈಲಾರ ಮಹಾದೇವಪ್ಪ. ಚಿಕ್ಕ ವಯಸ್ಸಿನಲ್ಲೇ ಸಾಬರಮತಿ ಆಶ್ರಮ ಸೇರಿದ ಅವರು 1930ರ ಮಾರ್ಚ್ 12ರಂದು ಗಾಂಧೀಜಿ ದಂಡಿಗೆ ಹೊರಟಾಗ ಜೊತೆಗೆ ನಡೆದವರ ಪಟ್ಟಿಯಲ್ಲಿದ್ದ ಏಕೈಕ ಕನ್ನಡಿಗ. ಆಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಪತ್ನಿ ಸಿದ್ದಮ್ಮನವರೂ ಚಳವಳಿಯಲ್ಲಿ ಸೆರೆಮನೆ ಕಂಡವರು. 1942ರಲ್ಲಿ ಮಹಾದೇವಪ್ಪನವರ ತಂಡ ಸರಕಾರದ ಆಸ್ತಿಗೆ ಪೆಟ್ಟು ಕೊಡುತ್ತಾ ಹೋಯಿತು. ಆದರೆ ಜೀವ ತೆಗೆಯಬಾರದು ಎಂಬುದು ಆ ತಂಡದ ಕಟ್ಟಾಗಿತ್ತು.

1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ವೀರಭದ್ರನ ಗುಡಿಯಲ್ಲಿ ಕಾವಲಿನಲ್ಲಿಟ್ಟಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ ಪೊಲೀಸರು ಗುಂಡು ಹಾರಿಸಿದರು. ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಮೂವರೂ ಪ್ರಾಣ ಬಿಟ್ಟರು. ಮಹಾದೇವಪ್ಪನವರಿಗೆ ಮೂವತ್ತೆರಡೂ ತುಂಬಿರಲಿಲ್ಲ.

ಹಾವೇರಿಯ ವೀರಸೌಧ ಈ ಮೂವರ ಸ್ಮಾರಕ. ಹಾವೇರಿಯ ರೈಲು ನಿಲ್ದಾಣಕ್ಕೂ ಮಹಾದೇವಪ್ಪನವರ ಹೆಸರಿದೆ. ಗುಜರಾತಿನ ದಂಡಿಯಲ್ಲಿ 2019ರ ಜನವರಿ 30ರಂದು ತೆರೆದ ಉಪ್ಪಿನ ಸತ್ಯಾಗ್ರಹ ಸ್ಮಾರಕದಲ್ಲಿ ಗಾಂಧೀಜಿಯ ಹಿಂದೆ ನಡೆಯುವ 80 ಮಂದಿಯ ಪ್ರತಿಮೆಗಳಿವೆ. ಆ ಸಾಲಿನಲ್ಲಿ ಮೋಟೆಬೆನ್ನೂರಿನ ಹುಡುಗನೂ ಇದ್ದಾನೆ. ಆ ಸಾಲಿನ ಸೊಗಸು ಇರುವುದು ಎಲ್ಲರೂ ನಡಿಗೆಯಲ್ಲಿರುವುದರಲ್ಲಿ, ಯಾರ ಕೈಯಲ್ಲೂ ಆಯುಧ ಇಲ್ಲದಿರುವುದರಲ್ಲಿ. ನಮ್ಮ ಪೇಟೆ ವೃತ್ತಗಳಲ್ಲಿ ಎತ್ತರದ ಪೀಠದ ಮೇಲೆ ಒಂಟಿಯಾಗಿ ನಿಲ್ಲಿಸುವ ಪ್ರತಿಮೆಗಿಂತ ಇದು ಹೆಚ್ಚು ಹೇಳುತ್ತದೆ. ತಿರಕಪ್ಪ, ವೀರಯ್ಯರ ಹೆಸರುಗಳು ಜನರ ನಾಲಗೆಯ ಮೇಲೆ ಮಹಾದೇವಪ್ಪನವರ ಹೆಸರಿನಷ್ಟು ಉಳಿಯದಿರುವುದಕ್ಕೆ ಒಂಟಿ ಪ್ರತಿಮೆಯ ಈ ರೂಢಿಯೂ ಒಂದು ಕಾರಣ.

ಬೇರೆ ದೇಶಗಳಲ್ಲಿ ಕಲಾವಿದರು ಬಂದೂಕಿಗೇ ಕೈ ಹಾಕಿದ್ದಾರೆ. ಮೆಕ್ಸಿಕೋದ ಕುಲಿಯಾಕಾನ್ ಪಟ್ಟಣದಲ್ಲಿ ಪೆದ್ರೊ ರೆಯೆಸ್ ಎಂಬ ಕಲಾವಿದ ಜನ ತಾವಾಗಿ ತಂದುಕೊಟ್ಟ 1,527 ಬಂದೂಕುಗಳನ್ನು ಕರಗಿಸಿ ಅಷ್ಟೇ ಸಲಿಕೆ ಮಾಡಿಸಿ, ಅವುಗಳಿಂದ ಗಿಡ ನೆಡಿಸಿದ. ಹಲಗಲಿಯಲ್ಲಿ ಸರಕಾರ ಬಲವಂತದಿಂದ ಕಿತ್ತುಕೊಳ್ಳಲು ಹೋಗಿ ಊರನ್ನೇ ಸುಟ್ಟಿತು; ಇಲ್ಲಿ ಊರಿನವರೇ ಕೊಟ್ಟರು. ಕೇಳುವ ರೀತಿಯಲ್ಲೇ ಇಷ್ಟು ಅಂತರ.

ಸ್ವಾತಂತ್ರ್ಯದ ನಂತರ ಈ ಭಾಗದಲ್ಲಿ ಪೊಲೀಸರ ಗುಂಡು ರೈತರ ಮೇಲೆ ತಿರುಗಿತು. ಮಲಪ್ರಭಾ ನೀರಾವರಿ ಪ್ರದೇಶದ ಅಭಿವೃದ್ಧಿ ಕರದ ವಿರುದ್ಧ 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ನಡೆದ ಹೋರಾಟದಲ್ಲಿ ರೈತರು ಸತ್ತರು. ಅವರಿಗಾಗಿ ಅಲ್ಲಿ ನಿಲ್ಲಿಸಿದ ಕಲ್ಲುಗಳನ್ನು ಜನ ವೀರಗಲ್ಲು ಎಂದೇ ಕರೆದರು. ಹಳೆಯ ಕಲ್ಲಿನ ಅಪ್ಸರೆಯರ ಜಾಗಕ್ಕೆ ಈಗ ಹಸಿರು ಶಾಲು ಹೊದ್ದ ರೈತರು ಬಂದಿದ್ದಾರೆ. ಪ್ರತಿವರ್ಷ ಆ ದಿನ ಮಾಲೆ ಹಾಕಿ, ಅಲ್ಲೇ ನಿಂತು ನೀರಿನ ಲೆಕ್ಕ, ಸಾಲದ ಲೆಕ್ಕ ಕೇಳುತ್ತಾರೆ. ಕಳಸಾ–ಬಂಡೂರಿ ನೀರಿನ ಹೋರಾಟಕ್ಕೂ ಆ ಕಲ್ಲುಗಳ ಮುಂದೆಯೇ ಜನ ಸೇರಿದರು.

ಹಾವೇರಿಯ ಸರದಿ 2008ರಲ್ಲಿ ಬಂತು. ಮುಂಗಾರು ಬಿತ್ತನೆಯ ಹೊತ್ತಿಗೆ ಗೊಬ್ಬರ ಸಿಗದೆ ಬೀದಿಗಿಳಿದ ರೈತರ ಮೇಲೆ ಜೂನ್ 10ರಂದು ಪೊಲೀಸರು ಗುಂಡು ಹಾರಿಸಿದರು. ಇಬ್ಬರು ರೈತರು ಸತ್ತರು. ಅಂದಿನಿಂದ ಜೂನ್ 10 ಜಿಲ್ಲೆಯ ರೈತ ಸಂಘಟನೆಗಳಿಗೆ ಹುತಾತ್ಮರ ದಿನ. ಬಿತ್ತನೆಯ ಕೆಲಸ ಬಿಟ್ಟು ಬಂದವರು ಸತ್ತವರ ಹೆಸರು ಕೂಗಿ, ಆ ವರ್ಷದ ಬೀಜ, ಗೊಬ್ಬರ, ಬೆಳೆವಿಮೆಯ ಬೇಡಿಕೆಗಳನ್ನು ಮುಂದಿಟ್ಟು ಹೊಲಕ್ಕೆ ಮರಳುತ್ತಾರೆ.