ಸೋಲುಗೆಲುವುಗಳ ದಾಖಲೆ: ಶಿಕಾರಿಪುರ ಸೊರಬಗಳ ಶಾಸನಪದ್ಧತಿಯೂ ಭಾರತದ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡವೂ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳು ಶಾಸನಗಳ ನೆಲೆಯೆಂದು ವಿದ್ವಾಂಸರಿಗೆ ಸುಪರಿಚಿತವಾದುವು. ಬಿ. ಎಲ್. ರೈಸರು ಎಪಿಗ್ರಾಫಿಯ ಕರ್ಣಾಟಿಕದ ೭ನೆಯ ಸಂಪುಟದಲ್ಲಿ ಶಿಕಾರಿಪುರದವನ್ನೂ ೮ನೆಯ ಸಂಪುಟದಲ್ಲಿ ಸೊರಬದವನ್ನೂ ಅಚ್ಚುಹಾಕಿಸಿದಂದಿನಿಂದ ಬನವಾಸಿನಾಡಿನ ಚರಿತ್ರೆಗೆ ಅವು ಮುಖ್ಯಾಧಾರವಾಗಿವೆ. ರಾಜವಂಶಗಳ ಕಾಲನಿರ್ಣಯಕ್ಕೆ ಉಪಯೋಗಿಸುವ ಈ ಕಲ್ಲುಗಳನ್ನೇ ಇನ್ನೊಂದು ದೃಷ್ಟಿಯಿಂದಲೂ ನೋಡಬಹುದು. ಸ್ಪರ್ಧೆಯೊಂದರ ಫಲವನ್ನು ಮುಂದಿನವರಿಗಾಗಿ ಬರೆದಿಡುವ ಎರಡು ಭಿನ್ನಪದ್ಧತಿಗಳು ಇಲ್ಲಿ ಅಕ್ಕಪಕ್ಕದಲ್ಲಿಯೇ ದೊರೆಯುತ್ತವೆ. ಆ ಪದ್ಧತಿಗಳ ನೆರವಿನಿಂದ ಭಾರತದ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡದ ಅಂತರರಾಷ್ಟ್ರೀಯ ಚರಿತ್ರೆಯನ್ನು ಓದುವುದು ಪ್ರಕೃತ ಲೇಖನದ ಉದ್ದೇಶ. ಶಾಸನಕ್ಕೂ ಚೆಂಡಾಟಕ್ಕೂ ಏನು ಸಂಬಂಧವೆಂದು ಕೇಳುವವರು ಉಂಟು. ಎರಡೆಡೆಯಲ್ಲಿಯೂ ಚರಿತ್ರಕಾರನ ಕೈಗೆ ಸಿಕ್ಕುವುದು ದಾಖಲೆಯೇ ಹೊರತು ಘಟನೆಯಲ್ಲ. ಇಷ್ಟು ಸಂಬಂಧವೇ ಸಾಕು.

ಮೊದಲನೆಯದು ಪ್ರಶಸ್ತಿಯ ಪದ್ಧತಿ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಚಾಲುಕ್ಯ ಜಯಸಿಂಹನ ಕಾಲದ, ಕ್ರಿ. ಶ. ೧೦೩೬ರ ಶಾಸನವೊಂದಿದೆ. ಅದು ಪಂಚಲಿಂಗ ದೇವಾಲಯಕ್ಕೆ ಸಂಬಂಧಪಟ್ಟ ದತ್ತಿಯನ್ನು ಹೇಳುತ್ತ, ಅಲ್ಲಿಯ ಕಾಳಾಮುಖಾಚಾರ್ಯನಾದ ವಾದಿರುದ್ರಗಣ ಲಕುಳೀಶ್ವರಪಂಡಿತನ ವಾದವಿಜಯಗಳನ್ನು ಎಣಿಸುತ್ತದೆ. ಬೌದ್ಧರು, ಮೀಮಾಂಸಕರು, ಲೋಕಾಯತರು, ಸಾಂಖ್ಯರು ಎಲ್ಲರೂ ಅಲ್ಲಿ ಸೋತವರೇ. ಹೆಸರು ಹೇಳಿದ ಎದುರಾಳಿಗಳಲ್ಲಿ ಅಕಲಂಕ, ವಾದಿರಾಜ ಎಂಬ ಹೆಸರುಗಳೂ ಕಾಣುತ್ತವೆ. ಅಕಲಂಕನೆಂದರೆ ಪ್ರಸಿದ್ಧ ಜೈನತಾರ್ಕಿಕನೇ ಆಗಿದ್ದ ಪಕ್ಷದಲ್ಲಿ, ಅವನು ೮ನೆಯ ಶತಮಾನದವನು. ಪಂಡಿತನು ಹುಟ್ಟುವುದಕ್ಕೆ ಬಹುಕಾಲ ಮೊದಲೇ ತೀರಿಹೋದವನು. ವಾದಿರಾಜನಾದರೋ ಸಮಕಾಲೀನನು, ೧೦೨೫ರಲ್ಲಿ ಪಾರ್ಶ್ವನಾಥಚರಿತವನ್ನು ಮುಗಿಸಿದವನು, ಇದೇ ಜಯಸಿಂಹನ ಆಸ್ಥಾನದಲ್ಲಿ ಜಗದೇಕಮಲ್ಲವಾದಿಯೆಂದು ಮನ್ನಣೆ ಪಡೆದವನೆಂದು ಜೈನಸಂಪ್ರದಾಯವು ಹೇಳುತ್ತದೆ. ಹೀಗಿರಲು ಒಬ್ಬನೇ ಅರಸನ ಆಶ್ರಯದಲ್ಲಿ ಎರಡು ಪಕ್ಷಗಳೂ ಗೆದ್ದಿವೆ. ಸೋತವನು ತನ್ನ ಸೋಲನ್ನು ಎಲ್ಲಿಯೂ ಬರೆಸಲಿಲ್ಲ.

ಎರಡನೆಯದು ವೀರಗಲ್ಲಿನ ಪದ್ಧತಿ. ಸೊರಬದ ಸೀಮೆಯಲ್ಲಿ ಇವು ಹೇರಳವಾಗಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಕೊಂಡೊಯ್ಯುವುದು, ಮೇಲೆ ಕೈಲಾಸ. ಪಟ್ಟಿಕೆಗಳ ಸಂದಿನಲ್ಲಿ ಬರೆಹ. ಆ ಬರೆಹವು ಯಾರ ಆಳಿಕೆ, ಯಾವ ಊರು, ಯಾವ ಕಾರಣ, ತುರುಗೊಳೋ ಪೆಣ್ಬುಯ್ಯಲೋ ಊರಳಿವೋ, ಎಂಬುದನ್ನು ತಿಳಿಸಿ, ಸತ್ತವನ ಹೆಸರನ್ನು ಹೇಳುತ್ತದೆ. ತುರುವನ್ನು ಮರಳಿಸಿ ಸತ್ತವನಿಗೂ ಮರಳಿಸಲಾರದೆ ಸತ್ತವನಿಗೂ ಕಲ್ಲು ಒಂದೇ ಬಗೆಯದು. ಅವನ ಮನೆಯವರಿಗೆ ನೆತ್ತರುಗೊಡಗೆಯಾಗಿ ನೆಲವನ್ನು ಬಿಟ್ಟುದೂ ಉಂಟು. ಪ್ರಶಸ್ತಿಯು ಗೆದ್ದುದನ್ನು ಮಾತ್ರ ಹೇಳಿದರೆ, ವೀರಗಲ್ಲು ಯಾರೊಡನೆ, ಯಾವ ಸ್ಥಿತಿಯಲ್ಲಿ ಕಾದಿದನೆಂಬುದನ್ನು ಹೇಳುತ್ತದೆ. ಆಟದ ಚರಿತ್ರೆಯನ್ನು ಬರೆಯುವವನಿಗೆ ಈ ಎರಡನೆಯದೇ ಹೆಚ್ಚು ಉಪಯುಕ್ತವಾದ ಮಾದರಿ.

ಇನ್ನು ಆಟದ ವಿಷಯ. ಬ್ಯಾಸ್ಕೆಟ್‌ಬಾಲನ್ನು ೧೮೯೧ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವೈ. ಎಂ. ಸಿ. ಎ. ಶಿಕ್ಷಣಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ತನು ರೂಪಿಸಿದನು. ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಆಟವೊಂದು ಬೇಕಾಗಿದ್ದುದರಿಂದ ಅವನು ೧೩ ನಿಯಮಗಳನ್ನು ಬರೆದು, ಪೀಚ್ ಹಣ್ಣಿನ ಬುಟ್ಟಿಗಳೆರಡನ್ನು ಎತ್ತರದಲ್ಲಿ ಕಟ್ಟಿಸಿದನು. ಅದೇ ಸಂಸ್ಥೆಯ ಮೂಲಕ ಆಟವು ಭಾರತಕ್ಕೂ ಬಂದಿತು. ೧೯೨೦ರಲ್ಲಿ ಹ್ಯಾರಿ ಕ್ರೋ ಬಕ್ಕನು ಮದರಾಸಿನಲ್ಲಿ ಸ್ಥಾಪಿಸಿದ ವೈ. ಎಂ. ಸಿ. ಎ. ದೈಹಿಕ ಶಿಕ್ಷಣ ಕಾಲೇಜಿನಲ್ಲಿ ತರಬೇತಾದ ಉಪಾಧ್ಯಾಯರು ದಕ್ಷಿಣದ ಶಾಲೆಗಳಿಗೆ ಇಂತಹ ಆಟಗಳನ್ನು ಕೊಂಡೊಯ್ದರು. ರಾಷ್ಟ್ರೀಯ ಪಂದ್ಯಾವಳಿಯು ೧೯೩೪ರಲ್ಲಿ ದೆಹಲಿಯಲ್ಲಿ ಮೊದಲಾಯಿತು. ೧೯೩೬ರಲ್ಲಿ ಭಾರತವು ಅಂತರರಾಷ್ಟ್ರೀಯ ಒಕ್ಕೂಟವಾದ ಫಿಬಾದ ಸದಸ್ಯತ್ವವನ್ನು ಪಡೆಯಿತು. ಭಾರತೀಯ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ ೧೯೫೦ರಲ್ಲಿ ಏರ್ಪಟ್ಟಿತು.

ತಂಡದ ಮೊದಲ ದೊಡ್ಡ ಪರೀಕ್ಷೆ ೧೯೫೧ರ ದೆಹಲಿಯ ಏಷ್ಯನ್ ಕ್ರೀಡೆಗಳಲ್ಲಿ ನಡೆಯಿತು. ಭಾಗವಹಿಸಿದ್ದ ಐದು ದೇಶಗಳಲ್ಲಿ ಭಾರತಕ್ಕೆ ನಾಲ್ಕನೆಯ ಸ್ಥಾನ. ಫಿಲಿಪ್ಪೀನ್ಸ್, ಜಪಾನ್, ಇರಾನ್‌ಗಳು ಮುಂದೆ ನಿಂತುವು. ಏಷ್ಯದ ಪುರುಷರ ಚಾಂಪಿಯನ್‌ಷಿಪ್ಪು ೧೯೬೦ರಲ್ಲಿ ಪ್ರಾರಂಭವಾದರೂ ಭಾರತವು ಅದಕ್ಕೆ ಹೋದುದು ೧೯೬೫ರಲ್ಲಿ, ಕ್ವಾಲಾಲಂಪುರಕ್ಕೆ. ಅಲ್ಲಿ ಏಳನೆಯದು, ೧೯೬೭ರಲ್ಲಿ ಆರನೆಯದು, ೧೯೬೯ರಲ್ಲಿ ಐದನೆಯದು, ೧೯೭೫ರಲ್ಲಿ ಬ್ಯಾಂಕಾಕಿನಲ್ಲಿ ನಾಲ್ಕನೆಯದು. ಹತ್ತು ವರ್ಷಗಳ ಈ ಏರಿಕೆಯೇ ತಂಡದ ಚರಿತ್ರೆಯಲ್ಲಿ ಅತ್ಯಂತ ಗಟ್ಟಿಯಾದ ಭಾಗ. ಆದರೂ ಸಾಮಾನ್ಯರ ನೆನಪಿನಲ್ಲಿ ಉಳಿಯದೆ ಹೋದುದೂ ಇದೇ ಭಾಗ; ನಾಲ್ಕನೆಯ ಸ್ಥಾನಕ್ಕೆ ಪದಕವಿಲ್ಲ, ಪದಕವಿಲ್ಲದುದಕ್ಕೆ ಪ್ರಶಸ್ತಿಯಿಲ್ಲ. ೧೯೬೧ರಲ್ಲಿ ಸರಬ್‌ಜಿತ್ ಸಿಂಗನಿಗೂ ೧೯೬೭ರಲ್ಲಿ ಖುಷಿರಾಮನಿಗೂ ಅರ್ಜುನ ಪುರಸ್ಕಾರ ಸಂದುದರಿಂದ ಆ ಪೀಳಿಗೆಯ ಎರಡು ಹೆಸರುಗಳಾದರೂ ಉಳಿದುಕೊಂಡಿವೆ.

೧೯೮೦ರ ಮಾಸ್ಕೋ ಒಲಿಂಪಿಕ್ಸಿನ ಪ್ರಕರಣವನ್ನು ಸ್ವಲ್ಪ ವಿಸ್ತಾರವಾಗಿ ವಿಚಾರಿಸಬೇಕು. ಇದರ ಬಗೆಗೆ ಎರಡು ವಿಧವಾದ ಮಾತುಗಳು ಬಳಕೆಯಲ್ಲಿವೆ. ಭಾರತದ ಪುರುಷರ ತಂಡವು ಒಲಿಂಪಿಕ್ಸಿನಲ್ಲಿ ಆಡಿದೆ ಎಂಬುದು ಒಂದು. ಆಡಿದ ಏಳು ಪಂದ್ಯಗಳಲ್ಲಿಯೂ ಸೋತು ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯದಾಯಿತು ಎಂಬುದು ಇನ್ನೊಂದು. ಎರಡೂ ನಿಜವೇ, ಎರಡೂ ಅರೆಮಾತುಗಳೇ. ೧೯೭೯ರಲ್ಲಿ ನಗೋಯಾದಲ್ಲಿ ನಡೆದ ಏಷ್ಯದ ಚಾಂಪಿಯನ್‌ಷಿಪ್ಪಿನಲ್ಲಿ ಭಾರತವು ಐದನೆಯದಾಗಿತ್ತು. ಅದಕ್ಕಿಂತ ಮೇಲಿದ್ದ ಚೀನ, ಜಪಾನ್, ದಕ್ಷಿಣ ಕೊರಿಯ, ಫಿಲಿಪ್ಪೀನ್ಸ್ ನಾಲ್ಕೂ, ಆಫ್ಘಾನಿಸ್ತಾನಕ್ಕೆ ಸೋವಿಯತ್ ಸೈನ್ಯವು ನುಗ್ಗಿದುದನ್ನು ಪ್ರತಿಭಟಿಸಿ, ಮಾಸ್ಕೋವನ್ನು ಬಹಿಷ್ಕರಿಸಿದುವು. ಆದುದರಿಂದ ಏಷ್ಯದ ಸ್ಥಾನವು ಭಾರತಕ್ಕೆ ಬಂದಿತು. ಬಾಗಿಲು ತೆರೆದುದು ರಾಜಕಾರಣ. ಆದರೆ ಆ ಬಾಗಿಲ ಬಳಿಯಲ್ಲಿ ಐದನೆಯವನಾಗಿ ನಿಂತಿದ್ದುದು ತಂಡದ ಸ್ವಂತ ಸಾಧನೆ. ಹೆಮ್ಮೆ ಪಡುವವರು ಮೊದಲನೆಯ ಅಂಶವನ್ನು ಬಿಡುತ್ತಾರೆ. ಹೀಗಳೆಯುವವರು ಎರಡನೆಯದನ್ನು ಬಿಡುತ್ತಾರೆ.

ಎದುರಾಳಿಗಳು ಯಾರೆಂಬುದನ್ನೂ ನೋಡಬೇಕು. ಭಾರತದ ಗುಂಪಿನಲ್ಲಿ ಇದ್ದವರು ಸೋವಿಯತ್ ಒಕ್ಕೂಟ, ಬ್ರೆಜಿಲ್, ಜೆಕೊಸ್ಲೊವಾಕಿಯ. ಸೋವಿಯತ್ ತಂಡವು ೧೯೭೨ರಲ್ಲಿ ಮ್ಯೂನಿಕ್ಕಿನಲ್ಲಿ ಅಮೆರಿಕವನ್ನೇ ಸೋಲಿಸಿ ಚಿನ್ನವನ್ನು ಗೆದ್ದ ಪರಂಪರೆಯದು. ತನ್ನ ನೆಲದಲ್ಲಿ ಆಡುತ್ತಿದ್ದಿತು. ಅದು ಭಾರತವನ್ನು ೧೨೧–೬೫ರಿಂದ ಸೋಲಿಸಿತು. ಅಂತಹ ತಂಡವೂ ಕೊನೆಗೆ ಯುಗೋಸ್ಲಾವಿಯ, ಇಟಲಿಗಳ ಹಿಂದೆ ಮೂರನೆಯದಾಗಿ ನಿಂತಿತೆಂಬುದರಿಂದ ಅಲ್ಲಿಯ ಪೈಪೋಟಿಯ ಮಟ್ಟವನ್ನು ಊಹಿಸಬಹುದು. ಭಾರತದ ತಂಡದಲ್ಲಿ ಆಡಿದ ಅಜ್ಮೇರ್ ಸಿಂಗನಿಗೆ ೧೯೮೨ರಲ್ಲಿ ಅರ್ಜುನ ಪುರಸ್ಕಾರವು ದೊರೆಯಿತು. ಸೋತವನನ್ನು ಹೆಸರಿಟ್ಟು ನೆನೆಯುವುದು ವೀರಗಲ್ಲಿನವರಿಗೆ ಹೊಸತಾಗಿ ತೋರುತ್ತಿರಲಿಲ್ಲ.

ಇಲ್ಲಿ ಅಂಕಗಳನ್ನು ಕುರಿತು ಒಂದು ಮಾತು ಅವಶ್ಯಕ. ಶಾಸನದ ಮಾತನ್ನು ಆಯಾ ಕಾಲದ ಭಾಷೆಯಲ್ಲಿಟ್ಟು ಅರ್ಥಮಾಡಬೇಕೆಂಬುದು ಸರ್ವಸಮ್ಮತ. ಅಂಕವನ್ನಾದರೋ ಜನರು ಕಾಲಾತೀತವೆಂದು ಎಣಿಸುತ್ತಾರೆ. ಇದು ತಪ್ಪು. ೧೯೩೬ರ ಬರ್ಲಿನ್ ಒಲಿಂಪಿಕ್ಸಿನ ಅಂತಿಮ ಪಂದ್ಯವು ಬಯಲಿನ ಮಣ್ಣಂಗಳದಲ್ಲಿ ಮಳೆಯೊಳಗೆ ನಡೆದು, ಅಮೆರಿಕವು ಕೆನಡವನ್ನು ಸೋಲಿಸಿದುದು ೧೯–೮ರಿಂದ. ಮಾಸ್ಕೋದಲ್ಲಿ ತಲಾ ೨೦ ನಿಮಿಷಗಳ ಎರಡು ಅವಧಿಗಳು. ಚೆಂಡು ಕೈಗೆ ಬಂದ ತಂಡವು ೩೦ ಸೆಕೆಂಡುಗಳೊಳಗೆ ಬುಟ್ಟಿಯತ್ತ ಎಸೆಯಬೇಕಾಗಿತ್ತು. ದೂರದಿಂದ ಎಸೆದುದಕ್ಕೆ ಮೂರಂಕ ಕೊಡುವ ನಿಯಮವನ್ನು ಫಿಬಾ ಅಂಗೀಕರಿಸಿದುದು ೧೯೮೪ರಲ್ಲಿ. ೨೦೦೦ದ ಅನಂತರ ೨೪ ಸೆಕೆಂಡು, ತಲಾ ೧೦ ನಿಮಿಷಗಳ ನಾಲ್ಕು ಪಾದಗಳು. ಹಾಗಾಗಿ ಮಾಸ್ಕೋದ ೬೫ ಒಂದು, ಇಂದಿನ ೬೫ ಬೇರೊಂದು.

ಈ ಸಂಖ್ಯೆಯನ್ನೇ ಉದಾಹರಿಸಿದುದಕ್ಕೆ ಕಾರಣವುಂಟು. ೨೦೧೪ರ ಜುಲೈಯಲ್ಲಿ ಚೀನದ ವೂಹಾನಿನಲ್ಲಿ ನಡೆದ ಫಿಬಾ ಏಷ್ಯ ಕಪ್ಪಿನಲ್ಲಿ ಭಾರತವು ಚೀನವನ್ನು ೬೫–೫೮ರಿಂದ ಸೋಲಿಸಿತು. ಚೀನದ ಮೇಲೆ ಭಾರತದ ಪುರುಷರಿಗೆ ದೊರೆತ ಮೊದಲ ಜಯವಿದು. ಅದೂ ಚೀನದ ನೆಲದಲ್ಲಿ. ಅಮೆರಿಕದ ಸ್ಕಾಟ್ ಫ್ಲೆಮಿಂಗನು ಶಿಕ್ಷಕನಾಗಿದ್ದನು. ವಿಶೇಷ್ ಭೃಗುವಂಶಿ, ಅಮ್ಜ್ಯೋತ್ ಸಿಂಗ್, ಅಮೃತಪಾಲ್ ಸಿಂಗ್ ಮೊದಲಾದವರು ಆಡಿದರು. ಮೂವತ್ತನಾಲ್ಕು ವರ್ಷಗಳ ಹಿಂದೆ ಐವತ್ತಾರು ಅಂಕಗಳಿಂದ ಸೋತಾಗ ಗಳಿಸಿದ್ದಷ್ಟನ್ನೇ ಗಳಿಸಿ ಭಾರತವು ಈಗ ಗೆದ್ದಿತು. ವ್ಯತ್ಯಾಸವಿದ್ದುದು ತಾನು ಗಳಿಸಿದುದರಲ್ಲಿ ಅಲ್ಲ, ಎದುರಾಳಿಗೆ ಗಳಿಸಗೊಡದಿದ್ದುದರಲ್ಲಿ. ಪಂದ್ಯವನ್ನು ಗೆದ್ದುದು ತಡೆಯಾಟದಿಂದ ಎಂಬುದು ೫೮ ಎಂಬ ಅಂಕೆಯಿಂದಲೇ ವಿದಿತವಾಗುತ್ತದೆ.

ಈ ಜಯವನ್ನು ಕುರಿತು ಬಂದ ಬರೆಹಗಳಲ್ಲಿ ಪ್ರಶಸ್ತಿಯ ಧಾಟಿ ಎದ್ದುಕಾಣುತ್ತದೆ. ಆದರೆ ಅದೇ ಪಂದ್ಯಾವಳಿಯಲ್ಲಿ ಸೋತ ಚೀನವು ನಾಲ್ಕನೆಯದಾಯಿತು, ಗೆದ್ದ ಭಾರತವು ಏಳನೆಯದಾಯಿತು. ಇದನ್ನು ಹೇಳಿದರೆ ಜಯವು ಕಿರಿದಾಗುವುದಿಲ್ಲ. ತನಗಿಂತ ಬಲವಾದ ತಂಡವನ್ನು ಗೆದ್ದುದೆಂದು ಸ್ಥಿರಪಡುತ್ತದೆ. ಮರುವರ್ಷ ಚಾಂಗ್ಷಾದ ಏಷ್ಯ ಚಾಂಪಿಯನ್‌ಷಿಪ್ಪಿನಲ್ಲಿ ಭಾರತಕ್ಕೆ ಎಂಟನೆಯ ಸ್ಥಾನ. ಅದೇ ೨೦೧೫ರಲ್ಲಿ ಪಂಜಾಬಿನ ಸತ್ನಾಮ್ ಸಿಂಗನನ್ನು ಅಮೆರಿಕದ ಡಲ್ಲಾಸ್ ತಂಡವು ೫೨ನೆಯ ಆಯ್ಕೆಯಾಗಿ ತೆಗೆದುಕೊಂಡಿತು. ಎನ್. ಬಿ. ಎ.ಗೆ ಹೀಗೆ ಆಯ್ಕೆಯಾದ ಭಾರತಸಂಜಾತರಲ್ಲಿ ಅವನೇ ಮೊದಲಿಗನು.

ಕನ್ನಡನಾಡಿನ ನೆಲದಲ್ಲಿ ಈ ತಂಡಕ್ಕೆ ದೊರೆತ ಬಿರುದು ೨೦೧೬ರ ದಕ್ಷಿಣ ಏಷ್ಯದ ಚಾಂಪಿಯನ್‌ಷಿಪ್ಪಿನದು. ಅದು ಜುಲೈಯಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದು ಭಾರತಕ್ಕೆ ಸಂದಿತು. ನೆರೆಯ ದೇಶಗಳಲ್ಲಿ ಆಟವು ಇನ್ನೂ ಬೇರೂರದಿರುವುದರಿಂದ ಇಂತಹ ಗೆಲವನ್ನು ಹೆಚ್ಚಾಗಿ ತೂಗಲಾಗದು. ವೂಹಾನಿನ ಏಳನೆಯ ಸ್ಥಾನವು ಬೆಂಗಳೂರಿನ ಮೊದಲನೆಯ ಸ್ಥಾನಕ್ಕಿಂತ ಭಾರವಾದುದು.

ಏಷ್ಯದ ಚಾಂಪಿಯನ್‌ಷಿಪ್ಪಿನಲ್ಲಾಗಲಿ ಏಷ್ಯನ್ ಕ್ರೀಡೆಗಳ ಐವರ ಆಟದಲ್ಲಾಗಲಿ ಭಾರತದ ಪುರುಷರಿಗೆ ಪದಕವು ಬಂದುದಿಲ್ಲ. ವಿಶ್ವಕಪ್ಪಿನ ಅಂತಿಮ ಸುತ್ತಿಗೆ ಹೋದುದೂ ಇಲ್ಲ. ಮಾಸ್ಕೋದ ಅನಂತರ ಒಲಿಂಪಿಕ್ಸಿಲ್ಲ. ಪಟ್ಟಿಯಾಗಿ ಬರೆದರೆ ಇದು ಬಡ ಚರಿತ್ರೆ. ಪಟ್ಟಿಯ ಕೊರತೆಯೇನೆಂಬುದಕ್ಕೆ ೨೦೨೫ರ ಆಗಸ್ಟಿನಲ್ಲಿ ಜೆಡ್ಡಾದಲ್ಲಿ ನಡೆದ ಏಷ್ಯ ಕಪ್ಪನ್ನು ನೋಡಬಹುದು. ಭಾರತವು ಗುಂಪಿನ ಮೂರು ಪಂದ್ಯಗಳಲ್ಲಿಯೂ ಸೋತಿತು. ಪಟ್ಟಿಯಲ್ಲಿ ಇರುವುದು ಇಷ್ಟೇ. ಅವುಗಳಲ್ಲಿ ಜೋರ್ಡನ್ನಿನೊಡನೆ ಆಡಿದುದು ಒಂದು. ಜೋರ್ಡನ್ ೨೦೨೩ರ ವಿಶ್ವಕಪ್ಪಿನಲ್ಲಿ ಆಡಿದ ತಂಡ. ನಲವತ್ತು ನಿಮಿಷಗಳ ನಿಯತಕಾಲವು ಮುಗಿದಾಗ ಉಭಯರ ಅಂಕಗಳೂ ಸಮವಾಗಿದ್ದುವು. ಹೆಚ್ಚುವರಿ ಐದು ನಿಮಿಷಗಳಲ್ಲಿ ಭಾರತವು ಹಿಂದೆ ಬಿದ್ದು ೮೪–೯೧ರಿಂದ ಸೋತಿತು.