ದಾವಣಗೆರೆಯ ಹೊಟ್ಟು, ಹರಿಹರದ ನೀಲಗಿರಿ: ಸಸ್ಯಜನ್ಯ ಉರುವಲಿನ ಚರಿತ್ರೆ

ನಾವು ಈ ಭಾಷಣದಲ್ಲಿ ವಿಚಾರಮಾಡಬೇಕೆಂದಿರುವುದು ಬಹು ಹಳೆಯದಾದರೂ ಈಚೆಗೆ ಹೊಸ ಹೆಸರನ್ನು ಪಡೆದಿರುವ ಒಂದು ವಿಷಯವನ್ನು. ಸೌದೆ, ಇದ್ದಿಲು, ಬತ್ತದ ಹೊಟ್ಟು, ಕಬ್ಬಿನ ಸಿಪ್ಪೆ, ಸಗಣಿಯ ಕುಳ್ಳು ಮೊದಲಾದ ಉರುವಲುಗಳನ್ನೆಲ್ಲ ಒಟ್ಟುಗೂಡಿಸಿ ವಿಜ್ಞಾನಿಗಳು 'ಬಯೋಮಾಸ್' ಎಂದು ಕರೆಯುತ್ತಾರೆ. ನಾವು ಅದನ್ನು ಸಸ್ಯಜನ್ಯ ಉರುವಲು ಎನ್ನೋಣ. ಸಗಣಿಯೂ ದನ ಮೇಯ್ದ ಹುಲ್ಲಿನಿಂದಲೇ ಆದುದರಿಂದ ಈ ಹೆಸರಿಗೆ ಬಾಧಕವಿಲ್ಲ. ಕಲ್ಲಿದ್ದಲು ಒಮ್ಮೆ ಉರಿದರೆ ಮುಗಿಯಿತು. ಅದು ಮತ್ತೆ ಉಂಟಾಗಲು ಕೋಟ್ಯಂತರ ವರ್ಷಗಳು ಬೇಕು. ಗಿಡವಾದರೋ ಕಡಿದಲ್ಲಿ ಮತ್ತೆ ಚಿಗುರುತ್ತದೆ; ಬತ್ತ ಮರುವರ್ಷವೂ ಬೆಳೆಯುತ್ತದೆ. ಆದಕಾರಣ ಇದು ಎಂದಿಗೂ ಬತ್ತದ ನಿಧಿ ಎಂಬ ಮಾತು ಎಲ್ಲೆಡೆಯೂ ಕೇಳಿಬರುತ್ತಿದೆ. ಈ ಮಾತು ಎಷ್ಟರಮಟ್ಟಿಗೆ ನಿಜ, ಯಾವ ಕಟ್ಟುಪಾಡುಗಳಿಗೆ ಒಳಪಟ್ಟು ನಿಜ ಎಂಬುದನ್ನು ತಿಳಿಯಲು ದೂರದೇಶಗಳ ನಿದರ್ಶನಗಳನ್ನು ಹುಡುಕಬೇಕಾಗಿಲ್ಲ. ತುಂಗಭದ್ರೆಯ ದಡದ ಹರಿಹರ ಮತ್ತು ಅದರ ನೆರೆಯ ದಾವಣಗೆರೆ, ಈ ಎರಡು ಊರುಗಳ ಚರಿತ್ರೆಯೇ ಅದನ್ನು ಸ್ಪಷ್ಟವಾಗಿ ಹೇಳುತ್ತದೆ.

ಮೊದಲು ಈ ಸೀಮೆಯ ಹಿನ್ನೆಲೆಯನ್ನು ನೋಡೋಣ. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲಿನ ಗಣಿಗಳಿರಲಿಲ್ಲ. ಆದುದರಿಂದ ಶಾಖ ಬೇಕಾದಾಗಲೆಲ್ಲ ಜನರೂ ಸರ್ಕಾರವೂ ಕಾಡಿನ ಕಡೆಗೇ ಕೈಚಾಚಬೇಕಾಗಿತ್ತು. ಇದರ ಅತ್ಯಂತ ದೊಡ್ಡ ಪ್ರಯೋಗ ನಡೆದದ್ದು ಭದ್ರಾವತಿಯಲ್ಲಿ. ಆ ಊರನ್ನು ಹಾದುಬರುವ ಭದ್ರಾನದಿಯೇ ಕೂಡಲಿಯಲ್ಲಿ ತುಂಗೆಯನ್ನು ಕೂಡಿ ಹರಿಹರದ ಕಡೆಗೆ ಹರಿಯುತ್ತದೆ. 1918ರಲ್ಲಿ ಆರಂಭವಾದ ಕಟ್ಟಡದ ಕೆಲಸವು ಮುಗಿದು, 1923ರ ಜನವರಿಯಲ್ಲಿ ಅಲ್ಲಿಯ ಕಬ್ಬಿಣದ ಕಾರ್ಖಾನೆ ಕೆಲಸಕ್ಕೆ ತೊಡಗಿತು. ಆ ಕುಲುಮೆಯಲ್ಲಿ ಉರಿಯುತ್ತಿದ್ದುದು ಕಲ್ಲಿದ್ದಲಲ್ಲ, ಮಲೆನಾಡಿನ ಮರವನ್ನು ಸುಟ್ಟು ಮಾಡಿದ ಇದ್ದಿಲು. ಮರವನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ ಇದ್ದಿಲನ್ನು ಪಡೆಯುವುದಲ್ಲದೆ, ಹೊರಬರುವ ಹೊಗೆಯನ್ನು ತಣಿಸಿ ಮರದ ಮದ್ಯಸಾರ, ಡಾಂಬರು ಮೊದಲಾದುವನ್ನು ಪಡೆಯುವ ಯಂತ್ರಸಾಮಗ್ರಿಯನ್ನೂ ಅಲ್ಲಿ ಸ್ಥಾಪಿಸಿದ್ದರು. ಸರ್ ಎಂ. ವಿಶ್ವೇಶ್ವರಯ್ಯನವರು ಈ ಉದ್ಯಮದ ಮೇಲ್ವಿಚಾರಣೆಯನ್ನು ವಹಿಸಿಕೊಂಡು ಅದನ್ನು ನಷ್ಟದಿಂದ ಮೇಲೆತ್ತಿದ ಸಂಗತಿ ಪ್ರಸಿದ್ಧವಾಗಿದೆ. ಇದ್ದಿಲಿನಿಂದ ಕರಗಿಸಿದ ಕಬ್ಬಿಣದಲ್ಲಿ ಗಂಧಕದ ಅಂಶ ಕಡಮೆಯಾಗಿದ್ದು ಅದು ಉತ್ತಮವೆನಿಸುತ್ತಿತ್ತು. ಆದರೆ ಕುಲುಮೆಯ ಹಸಿವು ದೊಡ್ಡದು. ಕಾಡು ಬೆಳೆಯುವ ವೇಗ ಚಿಕ್ಕದು. ಕಡಿಯುವ ಸ್ಥಳವು ವರ್ಷವರ್ಷಕ್ಕೂ ದೂರವಾದ ಹಾಗೆ ಸಾಗಾಣಿಕೆಯ ವೆಚ್ಚವೂ ಏರುತ್ತದೆ. 1950ರ ದಶಕದಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದುವು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ದುರ್ಲಭವಾದಾಗ, ಬೆನ್ನಿಗೆ ಇದ್ದಿಲಿನ ಒಲೆಯನ್ನು ಕಟ್ಟಿಕೊಂಡು ಓಡುತ್ತಿದ್ದ ಗ್ಯಾಸಿನ ಬಸ್ಸುಗಳೂ ಇದೇ ವರ್ಗಕ್ಕೆ ಸೇರಿದುವು. ಯುದ್ಧ ಮುಗಿದು ಪೆಟ್ರೋಲು ಬಂದೊಡನೆ ಅವು ಕಣ್ಮರೆಯಾದುವು. ಬೇರೆ ದಾರಿಯಿಲ್ಲದಾಗ ಸಸ್ಯಜನ್ಯ ಉರುವಲನ್ನು ಹಿಡಿಯುವುದು, ದಾರಿ ಸಿಕ್ಕೊಡನೆ ಬಿಡುವುದು, ಇದು ನಮ್ಮಲ್ಲಿ ಹಳೆಯ ರೂಢಿ.

ಇನ್ನು ದಾವಣಗೆರೆಗೆ ಬರೋಣ. ಈ ಪಟ್ಟಣವು ಮೊದಲು ಹತ್ತಿಯ ವ್ಯಾಪಾರದಿಂದಲೂ, ಆಮೇಲೆ ಬಟ್ಟೆಯ ಗಿರಣಿಗಳಿಂದಲೂ ಹೆಸರಾಗಿ 'ಕರ್ನಾಟಕದ ಮ್ಯಾಂಚೆಸ್ಟರ್' ಎನಿಸಿಕೊಂಡಿತ್ತು. ಆ ಗಿರಣಿಗಳ ವೈಭವ ಇಂದು ಉಳಿದಿಲ್ಲ. ಆದರೆ 1960ರ ದಶಕದಿಂದೀಚೆಗೆ ಭದ್ರಾ ಜಲಾಶಯದ ನಾಲೆಗಳ ನೀರು ಈ ಸೀಮೆಯನ್ನು ತಲುಪಿ, ಮಳೆಯನ್ನೇ ನಂಬಿದ್ದ ಹೊಲಗಳು ಗದ್ದೆಗಳಾದುವು. ಬತ್ತ ಬಂದಿತು, ಬತ್ತದ ಹಿಂದೆ ಅಕ್ಕಿಯ ಗಿರಣಿಗಳು ಬಂದುವು, ಗಿರಣಿಗಳ ಹಿಂದೆ ಹೊಟ್ಟಿನ ರಾಶಿಗಳು ಬಂದುವು. ನೂರು ಕಿಲೋ ಬತ್ತವನ್ನು ಕುಟ್ಟಿದರೆ ಸುಮಾರು ಇಪ್ಪತ್ತು ಕಿಲೋ ಹೊಟ್ಟು ಸಿಕ್ಕುತ್ತದೆ. ಈ ಹೊಟ್ಟನ್ನು ದನ ಮೇಯುವುದಿಲ್ಲ, ಮಣ್ಣಿನಲ್ಲಿ ಅದು ಬೇಗ ಕೊಳೆಯುವುದಿಲ್ಲ. ಆದರೆ ಬೆಂಕಿಗೆ ಹಾಕಿದರೆ ಒಂದು ಕಿಲೋ ಹೊಟ್ಟು ಮೂರು ಸಾವಿರಕ್ಕೂ ಹೆಚ್ಚು ಕಿಲೋಕ್ಯಾಲೊರಿಗಳಷ್ಟು ಶಾಖವನ್ನು ಕೊಡುತ್ತದೆ. ಕೆಳದರ್ಜೆಯ ಕಲ್ಲಿದ್ದಲಿಗಿಂತ ಇದೇನೂ ಬಹಳ ಹಿಂದಲ್ಲ. ಅಕ್ಕಿಯ ಗಿರಣಿಗಳು ಬತ್ತ ಬೇಯಿಸುವ ಹಬೆಯನ್ನು ತಮ್ಮದೇ ಹೊಟ್ಟಿನಿಂದ ಪಡೆಯತೊಡಗಿದುವು.

ಆದರೆ ಹೊಟ್ಟಿನ ನಿಜವಾದ ರಾಜಧಾನಿಯೆಂದರೆ ದಾವಣಗೆರೆಯ ಮಂಡಕ್ಕಿ ಭಟ್ಟಿಗಳು. ಈ ಊರಿನ ಮಂಡಕ್ಕಿ ಮತ್ತು ಮೆಣಸಿನಕಾಯಿಯನ್ನು ಬಲ್ಲವರು ನಾಡಿನಲ್ಲೆಲ್ಲ ಇದ್ದಾರೆ; ಅದನ್ನು ಅರಳಿಸುವ ಬೆಂಕಿಯನ್ನು ಕುರಿತು ಯೋಚಿಸುವವರು ವಿರಳ. ಬತ್ತವನ್ನು ನೆನೆಹಾಕಿ, ಕಾಯಿಸಿ, ಒಣಗಿಸಿ, ಗಿರಣಿಗೆ ಹಾಕಿ ಅಕ್ಕಿಮಾಡುತ್ತಾರೆ. ಆ ಅಕ್ಕಿಗೆ ಉಪ್ಪುನೀರನ್ನು ಹಿಡಿಸಿ ಕಾದ ಮರಳಿನಲ್ಲಿ ಹುರಿದರೆ ಕ್ಷಣಮಾತ್ರದಲ್ಲಿ ಅರಳುತ್ತದೆ. ಅಕ್ಕಿಯ ಮೈಯಿಂದ ಕಳಚಿಬಿದ್ದ ಹೊಟ್ಟೇ ಆ ಅಕ್ಕಿಯನ್ನು ಅರಳಿಸುವ ಉರುವಲು. ಇದಕ್ಕಾಗಿ ಒಂದು ಗುಂಟೆ ನೆಲವನ್ನೂ ಬೇರೆಯಾಗಿ ಉಳಬೇಕಾದುದಿಲ್ಲ. ಒಂದು ಮರವನ್ನೂ ಕಡಿಯಬೇಕಾದುದಿಲ್ಲ. ಆಹಾರವನ್ನು ಬೆಳೆದ ನೆಲವೇ ಉರುವಲನ್ನೂ ಕೊಟ್ಟಿತು. ಸಸ್ಯಜನ್ಯ ಉರುವಲಿನ ಪರವಾಗಿ ಹೇಳಬಹುದಾದ ವಾದಗಳಲ್ಲೆಲ್ಲ ಇದಕ್ಕಿಂತ ಬಲವಾದದ್ದನ್ನು ನಾವು ಅರಿಯೆವು.

ಹಾಗೆಂದು ಇಲ್ಲಿ ದೋಷವೇ ಇಲ್ಲವೆನ್ನಲಾಗದು. ಹೊಟ್ಟು ಸರಿಯಾಗಿ ಗಾಳಿ ಸಿಕ್ಕದೆ ಉರಿದರೆ ದಟ್ಟವಾದ ಹೊಗೆಯನ್ನು ಉಗುಳುತ್ತದೆ. ಆ ಹೊಗೆಯನ್ನು ಮೊದಲು ನುಂಗುವವರು ಭಟ್ಟಿಯ ಮುಂದೆ ದುಡಿಯುವ ಗಂಡಸರು, ಹೆಂಗಸರು ಮತ್ತು ಆ ಬೀದಿಗಳಲ್ಲಿ ಬೆಳೆಯುವ ಅವರ ಮಕ್ಕಳು. ಉರಿದ ಹೊಟ್ಟಿನ ಐದನೆಯ ಒಂದು ಪಾಲಿನಷ್ಟು ಬೂದಿಯಾಗಿ ಉಳಿಯುತ್ತದೆ. ಆ ಬೂದಿಯಲ್ಲಿ ಬಹುಭಾಗ ಸಿಲಿಕ, ಎಂದರೆ ಮರಳಿನ ಜಾತಿಯ ವಸ್ತು. ಗಾಳಿಗೆ ತೂರಿದರೆ ಅದು ಕಣ್ಣಿಗೂ ಪುಪ್ಪುಸಕ್ಕೂ ಶತ್ರು. ಅದೇ ಬೂದಿಯನ್ನು ಕ್ರಮವಾಗಿ ಸಂಗ್ರಹಿಸಿದರೆ ಸಿಮೆಂಟಿಗೂ ಇಟ್ಟಿಗೆಗೂ ಬೆರಸಬಹುದು. 2016ರಲ್ಲಿ ದಾವಣಗೆರೆಯು ಕೇಂದ್ರ ಸರ್ಕಾರದ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ ಪಟ್ಟಿಗೆ ಸೇರಿದಾಗ, ಮಂಡಕ್ಕಿ ಭಟ್ಟಿಗಳ ಸುಧಾರಣೆಯೂ ಊರಿನ ಯೋಜನೆಗಳಲ್ಲಿ ಸೇರಿಕೊಂಡದ್ದು ಈ ಹೊಗೆಯ ಮಹತ್ವವನ್ನೇ ತೋರಿಸುತ್ತದೆ.

ಹೊಟ್ಟಿನ ಸಾಲಿನಲ್ಲಿಯೇ ನಿಲ್ಲಬೇಕಾದ ಮತ್ತೊಂದು ವಸ್ತು ಕಬ್ಬಿನ ಸಿಪ್ಪೆ. ಒಂದು ಟನ್ನು ಕಬ್ಬನ್ನು ಅರೆದರೆ ಕಾಲು ಟನ್ನಿಗೂ ಮಿಕ್ಕು ಹಸಿ ಸಿಪ್ಪೆ ಉಳಿಯುತ್ತದೆ. ದಾವಣಗೆರೆಯ ಬಳಿಯ ಕುಕ್ಕವಾಡದ ಸಕ್ಕರೆ ಕಾರ್ಖಾನೆಯಲ್ಲಿ, ನಾಡಿನ ಇತರ ಅನೇಕ ಸಕ್ಕರೆ ಕಾರ್ಖಾನೆಗಳಲ್ಲಿರುವಂತೆಯೇ, ಈ ಸಿಪ್ಪೆಯನ್ನು ಸುಟ್ಟು ಹಬೆಯನ್ನೂ ವಿದ್ಯುತ್ತನ್ನೂ ಪಡೆಯುವ ಏರ್ಪಾಡುಂಟು. ಆದರೆ ಕಬ್ಬು ಅರೆಯುವುದು ವರ್ಷದಲ್ಲಿ ಕೆಲವು ತಿಂಗಳು ಮಾತ್ರ. ಉಳಿದ ಕಾಲದಲ್ಲಿ ಯಂತ್ರ ಸುಮ್ಮನಿರಬೇಕು, ಇಲ್ಲವೆ ಬೇರೆ ಉರುವಲನ್ನು ಹುಡುಕಬೇಕು. ದಾವಣಗೆರೆ ಜಿಲ್ಲೆಯಲ್ಲಿ ಹೇರಳವಾಗಿ ಬೆಳೆಯುವ ಮೆಕ್ಕೆಜೋಳದ ಬೆಂಡು, ಚನ್ನಗಿರಿಯ ಕಡೆಯ ಅಡಿಕೆಯ ಸಿಪ್ಪೆ, ಇವುಗಳಿಗೆ ಬೆಲೆಬರುವುದು ಇಂಥ ಕಡೆಯಲ್ಲಿ.

ಈಗ ನದಿಯನ್ನು ದಾಟಬೇಕು. ಹರಿಹರದ ಎದುರುದಡದಲ್ಲಿ, ಈಗಿನ ಹಾವೇರಿ ಜಿಲ್ಲೆಗೆ ಸೇರಿದ ಕುಮಾರಪಟ್ಟಣದಲ್ಲಿ, 1972ರಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಆರಂಭವಾಯಿತು. ರೇಯಾನ್ ನೂಲಿಗೆ ಬೇಕಾದ ತಿರುಳನ್ನು ಮರದಿಂದ ತೆಗೆಯುವುದು ಅಲ್ಲಿಯ ಕೆಲಸ. ಮರವೆಂದರೆ ಮುಖ್ಯವಾಗಿ ನೀಲಗಿರಿ. ಇದು ನಾರಿನ ಕಾರ್ಖಾನೆಯಲ್ಲವೆ, ಉರುವಲಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಎರಡು ಬಗೆಯದು. ಮೊದಲನೆಯದಾಗಿ, ಇಂಥ ಕಾರ್ಖಾನೆಗಳಲ್ಲಿ ಮರದ ಹೆಚ್ಚುಕಡಮೆ ಅರ್ಧಭಾಗವು ರಾಸಾಯನಿಕಗಳಲ್ಲಿ ಕರಗಿ ಕಪ್ಪು ದ್ರವವಾಗುತ್ತದೆ. ಆ ದ್ರವವನ್ನು ಆವಿಯಾಗಿಸಿ ಗಟ್ಟಿಮಾಡಿ ಸುಟ್ಟು, ಹಬೆಯನ್ನೂ ವಿದ್ಯುತ್ತನ್ನೂ ಪಡೆಯುವುದು ತಿರುಳಿನ ಉದ್ಯಮದ ಕ್ರಮ. ಎರಡನೆಯದಾಗಿ, ಒಂದು ದೊಡ್ಡ ಯಂತ್ರಕ್ಕೆ ಬೇಕಾದ ಮರವನ್ನು ಎಲ್ಲಿ ಬೆಳೆಯಬೇಕೆಂಬ ಪ್ರಶ್ನೆ, ಅದು ನಾರಿಗಾಗಲಿ ಬೆಂಕಿಗಾಗಲಿ, ಒಂದೇ. ಆ ಪ್ರಶ್ನೆಯು ನಮ್ಮ ನಾಡಿನಲ್ಲಿ ಅತ್ಯಂತ ತೀವ್ರವಾಗಿ ಎದ್ದದ್ದು ಇಲ್ಲಿಯೇ.

1984ರ ನವೆಂಬರಿನಲ್ಲಿ ಕರ್ನಾಟಕ ಸರ್ಕಾರವೂ ಈ ಕಾರ್ಖಾನೆಯೂ ಕೂಡಿ 'ಕರ್ನಾಟಕ ಪಲ್ಪ್‌ವುಡ್ಸ್' ಎಂಬ ಸಂಯುಕ್ತ ಸಂಸ್ಥೆಯನ್ನು ಸ್ಥಾಪಿಸಿದುವು. ಸರ್ಕಾರದ ಪಾಲು ನೂರಕ್ಕೆ 51, ಕಾರ್ಖಾನೆಯದು 49. ಸುಮಾರು 30,000 ಹೆಕ್ಟೇರು ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿಯಂಥ ಬೇಗ ಬೆಳೆಯುವ ಮರಗಳನ್ನು ಬೆಳಸುವುದು ಅದರ ಉದ್ದೇಶ. ದಫ್ತರದ ಕಾಗದಗಳಲ್ಲಿ ಈ ನೆಲಕ್ಕೆ 'ಸಿ' ಮತ್ತು 'ಡಿ' ವರ್ಗದ ಭೂಮಿ ಎಂದು ಹೆಸರು, ಎಂದರೆ ಬೀಳು. ಹಳ್ಳಿಯವರ ಲೆಕ್ಕದಲ್ಲಿ ಅದು ಬೀಳಾಗಿರಲಿಲ್ಲ. ದನಕುರಿ ಮೇಯುತ್ತಿದ್ದುದು ಅಲ್ಲಿ. ಹೊಲವಿಲ್ಲದವರ ಮನೆಯ ಒಲೆಗೆ ಪುಳ್ಳೆಕಡ್ಡಿ ಬರುತ್ತಿದ್ದುದು ಅಲ್ಲಿಂದ. ನೀಲಗಿರಿಯ ಎಲೆಯನ್ನು ದನ ಮುಟ್ಟುವುದಿಲ್ಲ. ಹೀಗೆ ಕಾರ್ಖಾನೆಗೆ ಮರ ದೊರೆಯುವಲ್ಲಿ ಹಳ್ಳಿಗೆ ಮೇವೂ ಉರುವಲೂ ತಪ್ಪುವಂತಾಯಿತು.

ಇದನ್ನು ಪ್ರತಿಭಟಿಸಿ ಧಾರವಾಡದ ಸಮಾಜ ಪರಿವರ್ತನ ಸಮುದಾಯವು ಎಸ್. ಆರ್. ಹಿರೇಮಠರ ಮುಂದಾಳುತನದಲ್ಲಿ ಚಳವಳಿಯನ್ನು ಹೂಡಿತು. ಡಾ. ಶಿವರಾಮ ಕಾರಂತರು ಸರ್ವೋಚ್ಚ ನ್ಯಾಯಾಲಯದಲ್ಲಿ ಅರ್ಜಿದಾರರಾಗಿ ನಿಂತರು. 1987ರ ಮಾರ್ಚಿಯಲ್ಲಿ ನ್ಯಾಯಾಲಯವು ಭೂಮಿಯನ್ನು ಸಂಸ್ಥೆಗೆ ವಹಿಸಿಕೊಡುವುದನ್ನು ತಡೆಯಿತು. ಅದೇ ವರ್ಷ ನವೆಂಬರ್ 14ರಂದು, ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನರು ಗುಂಪುಗೂಡಿ ಮೆರವಣಿಗೆ ಹೊರಟು, ಸಂಕೇತವಾಗಿ ಕೆಲವು ನೀಲಗಿರಿಯ ಸಸಿಗಳನ್ನು ಕಿತ್ತು, ಆ ಸ್ಥಳದಲ್ಲಿ ಹಣ್ಣು ಮೇವುಗಳನ್ನು ಕೊಡುವ ಗಿಡಗಳನ್ನು ನೆಟ್ಟರು. 'ಕಿತ್ತಿಕೊ ಹಚ್ಚಿಕೊ' ಎಂಬ ಹೆಸರಿನಿಂದ ಈ ಸತ್ಯಾಗ್ರಹವು ನೆನಪಿನಲ್ಲಿ ಉಳಿದಿದೆ. ಕಿತ್ತು ಸುಮ್ಮನಾಗದೆ ಹಚ್ಚಿದರೆಂಬುದೇ ಇದರ ವಿಶೇಷ: ಅವರು ಮರವನ್ನು ವಿರೋಧಿಸಲಿಲ್ಲ, ಆ ಮರ ಯಾರ ಉಪಯೋಗಕ್ಕೆಂದು ಕೇಳಿದರು. 1991ರಲ್ಲಿ ಆ ಸಂಯುಕ್ತ ಸಂಸ್ಥೆಯನ್ನು ಮುಚ್ಚುವ ನಿರ್ಧಾರವಾಯಿತು. ಕಾರ್ಖಾನೆಯ ಕೊಳಚೆಯಿಂದ ತುಂಗಭದ್ರೆಯ ನೀರು ಕೆಟ್ಟು ಮೀನುಗಳು ಸತ್ತ ವಿಚಾರವೂ ಆ ವರ್ಷಗಳಲ್ಲಿ ಕೆಳಗಣ ಹಳ್ಳಿಗಳವರ ದೊಡ್ಡ ದೂರಾಗಿತ್ತು.

ಈಗ ಎರಡು ದಡಗಳನ್ನೂ ತಕ್ಕಡಿಯಲ್ಲಿಟ್ಟು ತೂಗೋಣ. ಹೊಟ್ಟೂ ಮರುವರ್ಷ ಬರುತ್ತದೆ; ನೀಲಗಿರಿಯೂ ಕಡಿದ ಬುಡದಿಂದ ಚಿಗುರುತ್ತದೆ. ಮರಳಿ ಬೆಳೆಯುವ ಗುಣ ಎರಡಕ್ಕೂ ಸಮಾನ. ಆದರೂ ಒಂದು ಊರಿಗೆ ಅನ್ನವಾಯಿತು, ಇನ್ನೊಂದು ವ್ಯಾಜ್ಯವಾಯಿತು. ಕಾರಣವೇನೆಂದರೆ, ಹೊಟ್ಟು ಆಹಾರದ ಉಳಿಕೆ. ಅದು ನೆಲವನ್ನು ಬೇಡುವುದಿಲ್ಲ. ತೋಪು ನೆಲವನ್ನು ಬೇಡುತ್ತದೆ. ಬಡವರ ನೆಲವೇ ಅಗ್ಗವಾಗಿ ಸಿಕ್ಕುವುದರಿಂದ ಅದನ್ನೇ ಬೇಡುತ್ತದೆ. ಗಿಡವು ಬೆಳೆಯುವಾಗ ಹೀರಿದ ಇಂಗಾಲಾಮ್ಲವನ್ನೇ ಉರಿಯುವಾಗ ಬಿಡುವುದರಿಂದ ವಾಯುಮಂಡಲದ ಲೆಕ್ಕ ಸರಿಹೋಗುತ್ತದೆ ಎನ್ನುವ ವಾದವೂ, ಕಡಿದಷ್ಟನ್ನು ನಿಜವಾಗಿ ಬೆಳಸಿದರೆ ಮಾತ್ರ ನಿಲ್ಲುತ್ತದೆ.

ಉಳಿಕೆಗೂ ಒಂದು ಮಿತಿಯುಂಟು. ಹೊಲದಲ್ಲಿ ಬೀಳುವುದೆಲ್ಲವನ್ನೂ ಹೊತ್ತು ತಂದು ಸುಟ್ಟರೆ ಮಣ್ಣಿಗೆ ಗೊಬ್ಬರವೆಲ್ಲಿ? ಹೊಟ್ಟು ಹಗುರವಾದ ವಸ್ತು. ಒಂದು ಘನಮೀಟರು ಹೊಟ್ಟು ಸುಮಾರು ನೂರು ಕಿಲೋ ಮಾತ್ರ ತೂಗುತ್ತದೆ. ದೂರಕ್ಕೆ ಸಾಗಿಸಿದರೆ ಲಾರಿಯ ಬಾಡಿಗೆಯೇ ಲಾಭವನ್ನು ತಿನ್ನುತ್ತದೆ. ಮಂಡ್ಯ ಜಿಲ್ಲೆಯ ಮಳವಳ್ಳಿಯಲ್ಲಿ 2001ರಲ್ಲಿ ಆರಂಭವಾದ ನಾಲ್ಕೂವರೆ ಮೆಗಾವ್ಯಾಟಿನ ವಿದ್ಯುದಾಗಾರವು ಕಬ್ಬಿನ ತರಗು, ತೆಂಗಿನ ಗರಿ ಮೊದಲಾದುವನ್ನು ನಂಬಿ ಹುಟ್ಟಿದ್ದು. ಚದರಿಬಿದ್ದಿರುವ ಇಂಥ ಪದಾರ್ಥವನ್ನು ರೈತರಿಂದ ಕೂಡಿಸಿ ತರುವುದೇ ಅಂಥ ಉದ್ಯಮದ ಅರ್ಧ ಕೆಲಸ. ಆದುದರಿಂದ ಈ ಉರುವಲು ಹುಟ್ಟಿದಲ್ಲಿಯೇ ಉರಿದರೆ ಚೆನ್ನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರದವರು ಈ ತತ್ತ್ವವನ್ನೇ ಹಿಡಿದು, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳುಹಿಸುವ ಅಸ್ತ್ರ ಒಲೆಯನ್ನು ಹಳ್ಳಿಗಳಿಗೆ ಕೊಟ್ಟರು. 1988ರಲ್ಲಿ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಮರವನ್ನು ಅನಿಲವಾಗಿಸುವ ಸಣ್ಣ ಯಂತ್ರದಿಂದ ಮನೆಗಳಿಗೆ ದೀಪ ಹಚ್ಚಿದರು.

ಒಲೆಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿಯನ್ನು ಬಿಡಲಾಗದು. ಮನೆಯೊಳಗಣ ಹೊಗೆಯಿಂದ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 30 ಲಕ್ಷ ಜನ ಅಕಾಲಮರಣಕ್ಕೀಡಾಗುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕಾರ್ಖಾನೆಯ ಉರುವಲಿನ ಲಾಭನಷ್ಟವನ್ನು ಎಣಿಸುವಾಗ, ತಲೆಮಾರುಗಳಿಂದ ಕಟ್ಟಿಗೆ ಹೊತ್ತು ಕುಳ್ಳು ತಟ್ಟಿ ಊದುಗೊಳವೆ ಊದಿದ ನಮ್ಮ ಹೆಂಗಸರ ಎದೆಯ ಲೆಕ್ಕವೂ ಅದರಲ್ಲಿ ಸೇರಬೇಕು.

ಹೀಗೆ ನೋಡಿದಾಗ, ಸಸ್ಯಜನ್ಯ ಉರುವಲು ಒಳ್ಳೆಯದೋ ಕೆಟ್ಟದ್ದೋ ಎಂದು ಒಂದೇ ಮಾತಿನಲ್ಲಿ ತೀರ್ಪುಕೊಡುವುದು ಯುಕ್ತವಲ್ಲವೆಂದು ತೋರುತ್ತದೆ. ಯಾವುದಾದರೂ ಊರಿನಲ್ಲಿ ಇಂಥ ಹೊಸ ಯಂತ್ರವನ್ನು ಹೂಡುವವರು ಬಂದಾಗ ಅಲ್ಲಿಯ ನಾಗರಿಕರು ಕೇಳಬೇಕಾದದ್ದು ಇಷ್ಟು: ಇದಕ್ಕೆ ಉರುವಲು ಬೆಳೆಯ ಉಳಿಕೆಯಿಂದ ಬರುವುದೋ, ಊರಿನ ಗೋಮಾಳದಿಂದ ಬರುವುದೋ? ಹೊಗೆಯನ್ನು ಯಾರು ಕುಡಿಯುತ್ತಾರೆ? ಬೂದಿ ಎಲ್ಲಿಗೆ ಹೋಗುತ್ತದೆ? ಇವಕ್ಕೆ ತೃಪ್ತಿಕರವಾದ ಉತ್ತರ ದೊರೆತರೆ ಯಂತ್ರವನ್ನು ಸ್ವಾಗತಿಸಬಹುದು. ದೊರೆಯದಿದ್ದರೆ, ಎಷ್ಟು ಸಲ ಚಿಗುರುವ ಮರವಾದರೂ ಅದರ ಬೆಲೆಯನ್ನು ತೆರುವವರು ಹಳ್ಳಿಯವರೇ ಆಗುತ್ತಾರೆ. ದಾವಣಗೆರೆಯ ಭಟ್ಟಿಗಳಿಗೆ ಹೊಸ ಉರುವಲು ಬೇಕಾಗಿಲ್ಲ; ಇರುವ ಹೊಟ್ಟನ್ನು ಹೊಗೆಯಿಲ್ಲದೆ ಉರಿಸುವ ಒಲೆ ಬೇಕಾಗಿದೆ. ಅದು ವಿಜ್ಞಾನಕ್ಕೆ ಅಸಾಧ್ಯವಾದ ಕೆಲಸವೇನೂ ಅಲ್ಲ.