ಪಾಸು, ಪೆನ್ಶನ್ನು, ದಸರಾ ಬೋನಸ್ಸು

ಧಾರವಾಡದ ರೈಲ್ವೆ ಸ್ಟೇಷನ್ನಿನ ಮಗ್ಗುಲಲ್ಲೇ ಮಾಳಮಡ್ಡಿ ಇದೆ. ಕೆ.ಇ. ಬೋರ್ಡಿನ ಶಾಲೆ, ಗುಡಿ, ಮಠಗಳಿಂದ ಹೆಸರಾದ ಬಡಾವಣೆ ಇದು. ಆದರೆ ಇದರ ಚರಿತ್ರೆಯ ಅರ್ಧ ಭಾಗ ಹಳಿಯ ಕಡೆಯಿಂದ ಬಂದದ್ದು. ಒಂದು ಕಾಲಕ್ಕೆ ಧಾರವಾಡ ಬರೀ ಸ್ಟೇಷನ್ ಇದ್ದ ಊರಲ್ಲ, ರೈಲ್ವೆ ಕಂಪನಿಯೊಂದರ ರಾಜಧಾನಿ. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ ಇಲ್ಲಿತ್ತು. ಇಂದು ಕರ್ನಾಟಕ ಕಾಲೇಜಿನ ಹುಡುಗರು ಓಡಾಡುವ ಆ ಕಲ್ಲಿನ ಭವ್ಯ ಕಟ್ಟಡ ಕಟ್ಟಿದ್ದು ಆ ಕಚೇರಿಗಾಗಿ. ಯಾರಿಗೆ ಎಷ್ಟು ಪಗಾರ, ಯಾರಿಗೆ ಬಡ್ತಿ, ಯಾರಿಗೆ ದಂಡ ಎಂಬುದೆಲ್ಲ ಅಲ್ಲಿಂದಲೇ ತೀರ್ಮಾನವಾಗುತ್ತಿತ್ತು.

ದುಡಿಯುವವನಿಗೆ ಏನು ಕೊಟ್ಟರೆ ಅವನು ಹೇಗೆ ದುಡಿಯುತ್ತಾನೆ ಎಂಬ ಪ್ರಶ್ನೆಗೆ ರೈಲ್ವೆ ಸುಮಾರು ಒಂದೂವರೆ ಶತಮಾನದಿಂದ ಉತ್ತರ ಹುಡುಕುತ್ತ ಬಂದಿದೆ. ರೈಲ್ವೆ ಹುಟ್ಟುವ ಮುಂಚೆ ಸರ್ಕಾರ ಕೊಟ್ಟ ಉತ್ತರ ಕ್ರೂರವಾಗಿತ್ತು.

1876ರಿಂದ 1878ರವರೆಗೆ ಈ ಭಾಗ ಭೀಕರ ಬರಕ್ಕೆ ಸಿಕ್ಕಿತ್ತು. ಹಸಿದವರಿಗೆ ಸರ್ಕಾರ ಕೆರೆ, ರಸ್ತೆ ಕಾಮಗಾರಿಗಳಲ್ಲಿ ಕೂಲಿ ಕೊಟ್ಟಿತು. ಕೂಲಿ ಹೆಚ್ಚಾದರೆ ಹಸಿವಿಲ್ಲದವರೂ ಬಂದು ಸೇರುತ್ತಾರೆ ಎಂಬುದು ಅಧಿಕಾರಿಗಳ ಭಯ. 1877ರಲ್ಲಿ ಬರದ ಉಸ್ತುವಾರಿಗೆ ಸರ್ಕಾರ ಕಳಿಸಿದ ಸರ್ ರಿಚರ್ಡ್ ಟೆಂಪಲ್ ಒಬ್ಬ ಆಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಅರ್ಧ ಕಿಲೋಗಿಂತ ಕಡಿಮೆ ಧಾನ್ಯ, ಮೇಲೆ ಒಂದಿಷ್ಟು ಪುಡಿಗಾಸು ಸಾಕೆಂದ. ಅಷ್ಟು ತಿಂದು ಮಣ್ಣು ಹೊರುವುದು ಸಾಧ್ಯವಿಲ್ಲವೆಂದು ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ವಾದಿಸಿದ. ಮುಂಬಯಿ ಪ್ರಾಂತದಲ್ಲಂತೂ ಕೂಲಿ ಇಳಿಸಿದ್ದಕ್ಕೆ ಹಸಿದ ಜನರೇ ಕಾಮಗಾರಿ ಬಿಟ್ಟು ಎದ್ದು ನಡೆದರು. ಸೋಮಾರಿಗಳನ್ನು ದೂರವಿಡಲು ಹೂಡಿದ ಉಪಾಯ ಬಡವರ ಮೇಲೇ ತಿರುಗಿತ್ತು.

ಬರದ ನಂತರ 1880ರ ಕ್ಷಾಮ ಆಯೋಗ, ಧಾನ್ಯ ಸಾಗಿಸಲು ರೈಲು ಬೇಕು ಎಂದಿತು. ಸದರ್ನ್ ಮರಾಠಾ ರೈಲ್ವೆ ಹುಟ್ಟಿದ್ದು ಈ ಗಾಳಿಯಲ್ಲಿ. ಕಂಪನಿ ಲಂಡನ್ನಿನದು, ಬಂಡವಾಳವೂ ಅಲ್ಲಿಯದೇ. ಕೂಲಿಗೆ ಅಷ್ಟು ಲೆಕ್ಕ ಹಾಕಿದ ಸರ್ಕಾರ ಬಂಡವಾಳದ ವಿಷಯದಲ್ಲಿ ಮಾತ್ರ ಧಾರಾಳಿ. ಹಿಂದಿನ ರೈಲ್ವೆ ಕಂಪನಿಗಳಿಗೆ ನೂರಕ್ಕೆ ಐದರಂತೆ ಬಡ್ಡಿಯ ಖಾತ್ರಿ ಕೊಟ್ಟಿತ್ತು. ರೈಲು ಲಾಭ ಮಾಡಲಿ ಬಿಡಲಿ, ಬಡ್ಡಿ ಭಾರತದ ಬೊಕ್ಕಸದಿಂದ ಬರುತ್ತದೆ. ಹೀಗಿರುವಾಗ ಆ ಹಣ ಹೂಗ್ಲಿ ನದಿಗೆ ಬಿದ್ದರೂ ಅಷ್ಟೇ, ಇಟ್ಟಿಗೆ ಗಾರೆಯಾದರೂ ಅಷ್ಟೇ ಎಂಬ ಅರ್ಥದ ಮಾತನ್ನು ಸರ್ಕಾರದ ಹಣಕಾಸು ಸದಸ್ಯನಾಗಿದ್ದ ಮ್ಯಾಸಿ 1872ರಲ್ಲಿ ಪಾರ್ಲಿಮೆಂಟಿನ ಸಮಿತಿಯೆದುರು ಆಡಿದ್ದ. ದುಡಿಯದಿದ್ದರೂ ಬರುವ ಪ್ರತಿಫಲ ಖರ್ಚನ್ನು ಹೇಗೆ ಹಿಗ್ಗಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹಳಿ ಹಾಕಿದ ಮೇಲೆ ಅದನ್ನು ಕಾಯುವವರು ಬೇಕಾದರು. ಗ್ಯಾಂಗ್‌ಮನ್, ಪಾಯಿಂಟ್ಸ್‌ಮನ್, ಗಾರ್ಡು, ಹುಬ್ಬಳ್ಳಿ ವರ್ಕ್‌ಶಾಪಿನ ಫಿಟ್ಟರು, ಖಲಾಸಿ ಎಲ್ಲರೂ ಬಂದರು. ಹೊಲ ಬಿಟ್ಟು ಬಂದವನು ಸುಗ್ಗಿ ಬಂದರೆ ಹೊಲಕ್ಕೆ ಮರಳಬಾರದು, ಕೆಲಸ ಕಲಿತವನು ಬೇರೆಡೆಗೆ ಹೋಗಬಾರದು. ಇದಕ್ಕೆ ರೈಲ್ವೆ ಬಳಸಿದ್ದು ಬರೀ ಪಗಾರವನ್ನಲ್ಲ. ವರ್ಷಕ್ಕೊಂದು ಇನ್‌ಕ್ರಿಮೆಂಟು, ಕ್ವಾರ್ಟರ್ಸು, ಪ್ರಾವಿಡೆಂಟ್ ಫಂಡು, ಕೊನೆಗೆ ನಿಷ್ಠೆಯ ದೀರ್ಘ ಸೇವೆಗೊಂದು ಇಡಿಗಂಟು. ಇವುಗಳಲ್ಲಿ ಮನೆಮಂದಿಯೆಲ್ಲರ ಬಾಯಲ್ಲಿ ಉಳಿದದ್ದು ಮಾತ್ರ ಪುಕ್ಕಟೆ ಪ್ರಯಾಣದ ಪಾಸು.

ಪಾಸಿನ ಜಾಣತನವೇ ಬೇರೆ. ಅದು ನೌಕರನೊಬ್ಬನಿಗೆ ಸಿಗುವ ಸೌಲಭ್ಯವಲ್ಲ, ಹೆಂಡತಿ ಮಕ್ಕಳಿಗೂ ಸಲ್ಲುತ್ತದೆ. ಓಡುವ ರೈಲಿನಲ್ಲಿ ಇನ್ನೂ ನಾಲ್ಕು ಜನ ಕೂತರೆ ರೈಲ್ವೆಗೆ ತಗಲುವ ಖರ್ಚು ಅಲ್ಪ. ಪಡೆದವರಿಗೆ ಅದು ಕಾಶಿ, ರಾಮೇಶ್ವರ, ಪಂಢರಪುರ. ವರ್ಷಕ್ಕೆ ಇಷ್ಟೇ ಎಂಬ ಎಣಿಕೆ ಇರುವುದರಿಂದ ಬಳಸದೆ ಬಿಟ್ಟರೆ ಹೋಯಿತು. ಹಾಗಾಗಿ ರೈಲ್ವೆ ಮನೆಗಳಲ್ಲಿ ಯಾತ್ರೆಯ ಯೋಜನೆ ದೇವರ ಮೇಲಿನ ಭಕ್ತಿಯಷ್ಟೇ ಪಾಸಿನ ಗಡುವನ್ನೂ ನೋಡಿಕೊಂಡು ಆಗುತ್ತದೆ. ಪಾಸು ಮುಗಿದವರಿಗೆ ಮೂರನೇ ಒಂದು ಪಾಲು ದರದ ಪ್ರಿವಿಲೇಜ್ ಟಿಕೆಟ್ ಆರ್ಡರ್, ಅಂದರೆ ಪಿ.ಟಿ.ಓ. ಇದೆ.

ಕೊಟ್ಟ ಕೈ ಕಸಿದುಕೊಳ್ಳಲೂಬಲ್ಲದು. 1968ರ ರೈಲ್ವೆ ನೌಕರರ ಶಿಸ್ತು ಮತ್ತು ಮೇಲ್ಮನವಿ ನಿಯಮಗಳಲ್ಲಿ ಪಾಸು, ಪಿ.ಟಿ.ಓ. ತಡೆಹಿಡಿಯುವುದು ಒಂದು ಅಧಿಕೃತ ಶಿಕ್ಷೆ. ಪಟ್ಟಿಯಲ್ಲಿ ಸಣ್ಣ ಶಿಕ್ಷೆಗಳ ಸಾಲಿನಲ್ಲಿದೆ. ಆದರೆ ತಂಗಿಯ ಮದುವೆಗೆ ಇಡೀ ಸಂಸಾರ ಟಿಕೆಟು ತೆಗೆದು ಹೊರಡಬೇಕಾದಾಗ ಮನೆಯಲ್ಲಿ ಅದನ್ನು ಸಣ್ಣದೆಂದು ಯಾರೂ ಕರೆಯಲಾರರು. ಮೇಲಧಿಕಾರಿಯ ಮೆಮೊ ನೌಕರನ ಜೇಬಿನಲ್ಲಿ ಅಡಗಿ ಕೂರಬಹುದು, ತಪ್ಪಿದ ಪಾಸು ಅಡಗುವುದಿಲ್ಲ.

ಹಳಿಯ ಮೇಲೆ ಬೇರೆ ಲೆಕ್ಕ. ಡ್ರೈವರು, ಗಾರ್ಡುಗಳಿಗೆ ಓಡಿಸಿದ ದೂರಕ್ಕೆ ತಕ್ಕ ಮೈಲೇಜು ಭತ್ಯೆ. ಇದರಿಂದ ದೂರದ ಗಾಡಿಯ ಡ್ಯೂಟಿಗೆ ಬೆಲೆ ಬಂತು, ಯಾರ್ಡಿನ ಶಂಟಿಂಗಿಗೆ ಬರಲಿಲ್ಲ. ಕಾರ್ಖಾನೆಯೊಳಗೆ ಇನ್ನೊಂದು. 1950ರ ದಶಕದಲ್ಲಿ ಚಿತ್ತರಂಜನದ ಎಂಜಿನ್ ಕಾರ್ಖಾನೆಯಲ್ಲಿ ಶುರುವಾಗಿ ಬೇರೆ ರೈಲ್ವೆ ಕಾರ್ಖಾನೆಗಳಿಗೂ ಹಬ್ಬಿದ ಇನ್ಸೆಂಟಿವ್ ಪದ್ಧತಿಯಲ್ಲಿ ಪ್ರತಿ ಕೆಲಸಕ್ಕೂ ಇಷ್ಟು ಗಂಟೆ ಎಂದು ಗೊತ್ತುಮಾಡುತ್ತಾರೆ. ಅದಕ್ಕಿಂತ ಬೇಗ ಮುಗಿಸಿದರೆ ಉಳಿಸಿದ ಸಮಯದ ಹಣ. ಆದರೆ ಗಳಿಕೆಗೆ ಮೇಲ್ಮಿತಿ ಇದೆ. ಮಿತಿ ಮುಟ್ಟಿದ ಮೇಲೆ ಕೈ ಚುರುಕು ಮಾಡುವುದರಿಂದ ಲಾಭವೇನು? ಹೆಚ್ಚು ಮಾಡಿ ತೋರಿಸಿದರೆ ನಾಳೆ ಗಂಟೆಯನ್ನೇ ಕಡಿತ ಮಾಡುತ್ತಾರೆಂಬ ಅಂಜಿಕೆ ಬೇರೆ. ಅಮೆರಿಕದ ಉಕ್ಕಿನ ಕಾರ್ಖಾನೆಗಳಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತ ಫ್ರೆಡರಿಕ್ ಟೇಲರ್ ಕೂಡ ಕೆಲಸಗಾರರ ಇದೇ ಅಂಜಿಕೆಯ ಬಗ್ಗೆ 1911ರ ತನ್ನ ಪುಸ್ತಕದಲ್ಲಿ ದೂರಿದ್ದ. ಅವನು ಅದನ್ನು ಮೈಗಳ್ಳತನವೆಂದು ನೋಡಿದ. ಅದು ಕೆಲಸಗಾರನ ಲೆಕ್ಕದ ಬುದ್ಧಿ ಎನ್ನುವುದೇ ಹೆಚ್ಚು ಸರಿ.

ಬೋನಸ್ಸಿನ ಕಥೆ ಜಗಳದಲ್ಲಿ ಹುಟ್ಟಿದ್ದು. 1965ರ ಬೋನಸ್ ಕಾಯಿದೆ ಖಾಸಗಿ ಕಾರ್ಖಾನೆಯವರಿಗೆ ಸಿಕ್ಕಿತು, ರೈಲ್ವೆಯವರಿಗೆ ಸಿಗಲಿಲ್ಲ. ಜಾರ್ಜ್ ಫರ್ನಾಂಡಿಸ್ ಮುಂದಾಳತ್ವದಲ್ಲಿ 1974ರ ಮೇ 8ರಿಂದ ದೇಶದುದ್ದಕ್ಕೂ ಇಪ್ಪತ್ತು ದಿನ ನಡೆದ ಮುಷ್ಕರದ ದೊಡ್ಡ ಬೇಡಿಕೆಗಳಲ್ಲಿ ಇದೂ ಒಂದು. ಸರ್ಕಾರ ಮುಷ್ಕರ ಮುರಿದ ಬಗೆಯೂ ಗಮನಿಸಬೇಕಾದದ್ದು. ಹೊರಗುಳಿದವರಿಗೆ ಸೇವೆಯಲ್ಲಿ ಮುರಿವು, ವಜಾ, ಜೈಲು. ಒಳಗೆ ಉಳಿದ 'ನಿಷ್ಠ'ರಿಗೆ ಮುಂಗಡ ಇನ್‌ಕ್ರಿಮೆಂಟು, ಮಕ್ಕಳಿಗೆ ನೌಕರಿ. ಒಂದೇ ಸಾಲಿನ ಕ್ವಾರ್ಟರ್ಸಿನಲ್ಲಿ ಒಬ್ಬನ ಮಗನಿಗೆ ಕೆಲಸ, ಪಕ್ಕದವನಿಗೆ ಕೋರ್ಟು. ಬಹುಮಾನವೊಂದು ನೆರೆಹೊರೆಯನ್ನು ಇಷ್ಟು ಚೊಕ್ಕಟವಾಗಿ ಸೀಳಿದ ಉದಾಹರಣೆ ರೈಲ್ವೆಯ ಚರಿತ್ರೆಯಲ್ಲಿ ವಿರಳ. ಆ ಲಾಭನಷ್ಟಗಳ ದಾವೆಗಳು ನ್ಯಾಯಮಂಡಳಿಗಳಲ್ಲಿ ಬಹುಕಾಲ ನಡೆದವು.

ಕೊನೆಗೆ 1979-80ರಲ್ಲಿ ರೈಲ್ವೆಗೆ ಬೋನಸ್ ಬಂತು. ಹೆಸರು ಉತ್ಪಾದಕತೆಗೆ ಹೊಂದಿಸಿದ ಬೋನಸ್. ದಸರೆಗೆ ಮುಂಚೆ ಕೈಗೆ ಬರುತ್ತದೆ. ಗ್ಯಾಂಗ್‌ಮನ್ ಇರಲಿ, ಸ್ಟೇಷನ್ ಮಾಸ್ತರು ಇರಲಿ, ಗರಿಷ್ಠ ಮೊತ್ತ ಇಬ್ಬರಿಗೂ ಒಂದೇ. ಈಗ ಹಲವು ವರ್ಷಗಳಿಂದ 78 ದಿನಗಳ ಪಗಾರ, ಹೆಚ್ಚೆಂದರೆ 17,951 ರೂಪಾಯಿ. ಕೋವಿಡ್ಡಿನಲ್ಲಿ ಪ್ರಯಾಣಿಕರ ಗಾಡಿಗಳು ನಿಂತ ವರ್ಷವೂ ಅದೇ 78. ಉತ್ಪಾದಕತೆ ಏರಿದರೂ ಇಳಿದರೂ ಜಗ್ಗದ ಈ ಸಂಖ್ಯೆ ಬೋನಸ್ಸನ್ನು ಬಹುಮಾನದ ಸಾಲಿನಿಂದ ತೆಗೆದು ಹಕ್ಕಿನ ಸಾಲಿಗೆ ಸೇರಿಸಿಬಿಟ್ಟಿದೆ. ಅದರಿಂದ ಯಾರೂ ಹೆಚ್ಚು ದುಡಿಯುತ್ತಾರೆನ್ನುವುದು ಅನುಮಾನ. ನಿಲ್ಲಿಸಿದರೆ ಏನಾಗುತ್ತದೆ ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ.

ಪೆನ್ಶನ್ನಿನ ದಾರಿ ಇದಕ್ಕಿಂತ ಅಂಕುಡೊಂಕು. ಇಡಿಗಂಟಿನ ಬದಲು ತಿಂಗಳ ಪೆನ್ಶನ್ ಆರಿಸಿಕೊಳ್ಳುವ ಅವಕಾಶ ರೈಲ್ವೆಯಲ್ಲಿ ಬಂದದ್ದು 1957ರ ನವೆಂಬರಿನಲ್ಲಿ. ನಿವೃತ್ತರ ಊರೆಂದು ಧಾರವಾಡಕ್ಕಿರುವ ಖ್ಯಾತಿಯಲ್ಲಿ ಇಂಥ ಪೆನ್ಶನ್ನಿನ ಪಾಲೂ ಇದೆ. 2004ರ ಜನವರಿಯಿಂದ ಸೇರಿದವರಿಗೆ ಆ ಹಳೆಯ ಖಾತ್ರಿ ಇಲ್ಲ, ಷೇರುಪೇಟೆಗೆ ಗಂಟುಬಿದ್ದ ಹೊಸ ಪದ್ಧತಿ. ಕಂಪನಿಯ ಷೇರುದಾರನಿಗೆ ಖಾತ್ರಿ, ಕೂಲಿಯವನಿಗೆ ಪರೀಕ್ಷೆ ಎಂಬ ಹಳೆಯ ಏರ್ಪಾಡು ನೆನಪಿರುವವರಿಗೆ ಇದು ಹೊಸತೆನಿಸಲಿಕ್ಕಿಲ್ಲ. 2025ರ ಏಪ್ರಿಲಿನಿಂದ ಖಾತ್ರಿಯನ್ನು ಸ್ವಲ್ಪ ಮರಳಿಸುವ ಏಕೀಕೃತ ಪೆನ್ಶನ್ ಆಯ್ಕೆ ಬಂದಿದೆ.

ಸದರ್ನ್ ಮರಾಠಾ ರೈಲ್ವೆ 1908ರಲ್ಲಿ ಮದ್ರಾಸ್ ರೈಲ್ವೆಯೊಂದಿಗೆ ಕೂಡಿ, ಮುಖ್ಯ ಕಚೇರಿ ಮದ್ರಾಸಿಗೆ ಹೋಯಿತು. ಈ ಭಾಗಕ್ಕೆ ವಲಯ ಕಚೇರಿ ಮರಳಿ ಬರಲು 2003ರವರೆಗೆ ಕಾಯಬೇಕಾಯಿತು. ಅದೂ ಧಾರವಾಡಕ್ಕಲ್ಲ, ಹುಬ್ಬಳ್ಳಿಗೆ. ಪಾಸು ಕೂಡ 2020ರಿಂದ ಮೊಬೈಲಿಗೆ ಬಂತು. ಅರ್ಜಿ ಬರೆದು, ಪಾಸು ವಿಭಾಗದ ಗುಮಾಸ್ತನ ಮುಖ ನೋಡುತ್ತ ನಿಲ್ಲುವ ಕೆಲಸ ತಪ್ಪಿದೆ. ಗುಮಾಸ್ತನ ಮರ್ಜಿಯೂ ಅದರ ಜೊತೆಗೇ ಹೋಯಿತು.